ಇಂಗ್ಲಿಷಿನ ನಾಯಿ ಬೇರೆ ಥರ ಬೊಗಳುತ್ತದೆ

ಕನ್ನಡದ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತೇನೆ. ಶುರುವಿನಲ್ಲಿ ಸಿಕ್ಕ ಒಂದು ಕಥೆಯಲ್ಲಿ ಅಣ್ಣ ತಮ್ಮನಿಗೆ ‘ಏನೋ ಬೊಗಳ್ತಾ ಇದೀಯ?’ ಅನ್ನುತ್ತಾನೆ. ನಾನು ‘ವಾಟ್ ಆರ್ ಯೂ ಬಾರ್ಕಿಂಗ್?’ ಎಂದು ಬರೆದು ಕಳಿಸಿಬಿಟ್ಟೆ. ಸಂಪಾದಕಿ ಫೋನ್ ಮಾಡಿ, ‘ತಮ್ಮ ಯಾರಿಗಾದ್ರೂ ಆರ್ಡರ್ ಕೊಡ್ತಿದ್ದಾನಾ?’ ಎಂದು ಕೇಳಿದರು.

ಇಂಗ್ಲಿಷಿನಲ್ಲಿ ಮನುಷ್ಯ ‘ಬಾರ್ಕ್’ ಮಾಡಿದ ಅಂದರೆ ಅದು ಅವನ ದನಿಯ ವಿಷಯ. ಗಟ್ಟಿಯಾಗಿ, ಚುಟುಕಾಗಿ, ಪರೇಡಿನಲ್ಲಿ ಹವಾಲ್ದಾರ ಕೂಗುವ ಹಾಗೆ. ನಮ್ಮ ‘ಬೊಗಳು’ ಮರ್ಯಾದೆಯ ವಿಷಯ. ಎಷ್ಟೇ ಮೆಲ್ಲಗೆ ಹೇಳಲಿ, ಆ ಮಾತಿಗೆ ಬೆಲೆ ಇಲ್ಲ ಅಂತ ಕೇಳುವವನಿಗೆ ಅನ್ನಿಸಿದರೆ ಅದು ಬೊಗಳಿದ್ದೇ. ಕೊನೆಗೆ ‘ವಾಟ್ ರಬಿಶ್ ಈಸ್ ದಿಸ್?’ ಎಂದು ಬದಲಾಯಿಸಿದೆ. ನಾಯಿ ಹೋಯಿತು, ಅಣ್ಣನ ತಾತ್ಸಾರ ಉಳಿಯಿತು.

ಆಮೇಲೆ ನಾನು ನಿಘಂಟು ಬಿಟ್ಟು ನಮ್ಮ ಬೀದಿಯ ನಾಯಿಗಳನ್ನು ನೋಡತೊಡಗಿದೆ. ತಮಾಷೆಯಲ್ಲ, ಕೆಲಸಕ್ಕೆ ಬಂತು. ಗಂಟಲಲ್ಲೇ ಸಣ್ಣಗೆ ಗುರ್ ಅಂದರೆ ‘ಗ್ರೌಲ್’. ತುಟಿ ಮೇಲೆತ್ತಿ ಹಲ್ಲು ತೋರಿಸಿ ಗುರ್ರೆಂದರೆ ‘ಸ್ನಾರ್ಲ್’. ತಟ್ಟನೆ ಬಾಯಿ ಹಾಕಿ ಹಿಂದೆ ಸರಿದರೆ ‘ಸ್ನ್ಯಾಪ್’. ಸಿಟ್ಟು ಬಂದ ಮನುಷ್ಯನನ್ನು ಇಂಗ್ಲಿಷ್ ಹೀಗೆ ಹಂತ ಹಂತವಾಗಿ ನಾಯಿ ಮಾಡುತ್ತದೆ. ಹಾಗಾಗಿ ‘ಸಿಡುಕಿದ’ ಬಂದ ಕಡೆ ಹೆಚ್ಚಾಗಿ ‘ಸ್ನ್ಯಾಪ್’ ಹಾಕುತ್ತೇನೆ. ‘ಹರಿಹಾಯ್ದ’ ಬಂದರೆ ಮಾತ್ರ ಕೈ ತಡೆಯುತ್ತದೆ. ಅದರಲ್ಲಿರುವುದು ಹಾಯುವ ಗೂಳಿ. ನಾಯಿಯ ಹಲ್ಲು ಅಲ್ಲಿಗೆ ಸಾಲದು.

ಜಾಸ್ತಿ ಕಾಡಿದ್ದು ‘ಹಿಸ್’. ಹಾವು ಬುಸುಗುಟ್ಟುವುದಕ್ಕೂ ಅದೇ ಪದ. ಆದರೆ ‘ಅತ್ತಿಗೆ ಬುಸುಗುಟ್ಟುತ್ತಾ ಒಳಗೆ ಹೋದಳು’ ಅಂದಾಗ ಅತ್ತಿಗೆ ಒಂದು ಮಾತೂ ಆಡಿಲ್ಲ. ಉಸಿರಲ್ಲೇ ಸಿಟ್ಟು. ಅಲ್ಲಿ ‘ಫ್ಯೂಮಿಂಗ್’ ಸರಿ. ಇಂಗ್ಲಿಷಿನ ‘ಹಿಸ್’ಗೆ ಹೆಚ್ಚಾಗಿ ಮಾತು ಜೊತೆಗಿರುತ್ತದೆ. ಪಕ್ಕದ ಮನೆಯವರಿಗೆ ಕೇಳಬಾರದು ಅಂತ ಹಲ್ಲು ಕಚ್ಚಿಕೊಂಡು ಗಂಡನನ್ನು ಬೈಯುತ್ತಾರಲ್ಲ, ಅದು. ಬೈಗುಳದಲ್ಲಿ ‘ಸ’ಕಾರವೇ ಇಲ್ಲದಿದ್ದರೆ ‘ಹಿಸ್’ ಮಾಡುವುದು ಹೇಗೆ ಅಂತ ತಗಾದೆ ತೆಗೆಯುವ ಸಂಪಾದಕರೂ ಇದ್ದಾರೆ. ನನಗೆ ಅದು ಅತಿ ಅನ್ನಿಸುತ್ತದೆ.

ಕಪ್ಪೆಯದೂ ಇದೇ ಕಥೆ. ನಮ್ಮಲ್ಲಿ ವಟಗುಟ್ಟುವವರು ಸುಮ್ನೆ ಒಂದೇ ಸಮ ಗೊಣಗುತ್ತಾರೆ. ಇಂಗ್ಲಿಷಿನಲ್ಲಿ ‘ಕ್ರೋಕ್’ ಮಾಡುವವನ ಗಂಟಲು ಒಡೆದಿರುತ್ತದೆ, ಅಷ್ಟೇ.

ಇನ್ನೊಂದು ತೊಡಕು ‘ಎಂದ’. ‘ಬೇಡ ಎಂದು ಗುರುಗುಟ್ಟಿದ’ ಅಂದಾಗ ಮಾತಿಗೆ ‘ಎಂದು’ ಇದೆ, ಸದ್ದಿಗೆ ‘ಗುರುಗುಟ್ಟಿದ’ ಇದೆ. ಇಂಗ್ಲಿಷಿನ ‘ಗ್ರೌಲ್’ ಎರಡನ್ನೂ ತಾನೊಂದೇ ಹೊರುತ್ತದೆ. ಇದು ಸಿಕ್ಕ ಖುಷಿಯಲ್ಲಿ ನಾನು ಅಡುಗೆಮನೆಯ ಒಂದು ಜಗಳದ ತುಂಬ ಗ್ರೌಲ್, ಸಿಂಹದ ‘ರೋರ್’, ಗೂಳಿಯ ‘ಬೆಲ್ಲೋ’ ಸುರಿದಿದ್ದೆ. ಓದಿದರೆ ಅಡುಗೆಮನೆ ಹೋಗಿ ಮೃಗಾಲಯ ಆಗಿತ್ತು! ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನಾರ್ಡ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದ, ಸಂಭಾಷಣೆಗೆ ‘ಸೆಡ್’ ಬಿಟ್ಟು ಬೇರೆ ಕ್ರಿಯಾಪದ ಬೇಡ ಅನ್ನುವ ನಿಯಮ ಆಗ ನೆನಪಾಯಿತು. ನಾನು ಅಷ್ಟು ಕಟ್ಟುನಿಟ್ಟಲ್ಲ. ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಸೆಡ್’ ಹಾಕುತ್ತೇನೆ. ಎರಡನೇ ಸಲ ಗಟ್ಟಿಯಾಗಿ ಓದುವಾಗ, ಒಂದು ಜಗಳಕ್ಕೆ ಒಂದು ಪ್ರಾಣಿ, ಅದೂ ಮಾತಿನಿಂದಲೇ ಸಿಟ್ಟು ಗೊತ್ತಾಗದಿದ್ದರೆ ಮಾತ್ರ.

ಮೊನ್ನೆ ಮತ್ತೆ ‘ಬೊಗಳು’ ಎದುರಾಯಿತು. ಹಳೇ ಗೆಳೆಯ, ಹೇಳೋದೋ ಬೇಡವೋ ಅಂತ ತಡವರಿಸುತ್ತಿದ್ದಾನೆ. ‘ಅದೇನು ಬೊಗಳೋ ಮಾರಾಯ’ ಅನ್ನುತ್ತಾನೆ ಇವನು, ಪ್ರೀತಿಯಿಂದ. ‘ಸ್ಪಿಟ್ ಇಟ್ ಔಟ್’ ಎಂದು ಬರೆದೆ. ‘ಮಾರಾಯ’ ಇನ್ನೂ ಹಾಗೇ ಕೂತಿದೆ.