ಪ್ರಶ್ನೆ ಕೇಳಿದ ಮೇಲೆ ನಾನು ಸುಮ್ಮನಿರಲು ಕಲಿತದ್ದು

ನಾನು ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ಮೊದಲ ಕೆಲವು ವರ್ಷ ನನ್ನ ತರಗತಿಯಲ್ಲಿ ಬಾಯಿ ಬಿಡುತ್ತಿದ್ದವರು ನಾಲ್ಕೈದು ಮಕ್ಕಳು ಮಾತ್ರ. ಪ್ರಶ್ನೆ ಮುಗಿಯುವ ಮೊದಲೇ 'ಮಿಸ್, ನಾನು ಮಿಸ್' ಅಂತ ಅವರ ಕೈ ಮೇಲೇಳುತ್ತಿತ್ತು. ಉಳಿದವರು ಶಾಂತವಾಗಿ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ.

ಒಂದು ದಿನ ನನ್ನ ಪಾಠವನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸಂಜೆ ಕೇಳಿದೆ. ಪ್ರಶ್ನೆ ಕೇಳುತ್ತೇನೆ, ಮಗು ಉಸಿರೆಳೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬರ ಹೆಸರು ಕರೆಯುತ್ತೇನೆ. ಇಲ್ಲವೇ ಉತ್ತರ ನಾನೇ ಹೇಳಿಬಿಡುತ್ತೇನೆ. ತುಂಬಾ ಬೇಜಾರಾಯಿತು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತರಗತಿಗಳ ಟೇಪು ಕೇಳಿ ಇದನ್ನೇ ಗುರುತಿಸಿದ್ದರು. ಶಿಕ್ಷಕರು ಉತ್ತರಕ್ಕೆ ಕಾಯುವುದು ಹೆಚ್ಚುಕಡಿಮೆ 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ.

ಕಾಯಲು ಶುರು ಮಾಡಿದೆ. ಮೊದಲ ವಾರವೇ ತಪ್ಪಾಯಿತು. ಒಬ್ಬ ಹುಡುಗನ ಹೆಸರು ಕರೆದು, ಅವನ ಮುಖವನ್ನೇ ನೋಡುತ್ತಾ ನಿಂತೆ. ಇಡೀ ತರಗತಿ ಅವನತ್ತ ತಿರುಗಿತು. ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಕ್ರಮ ಬದಲಿಸಿದೆ. ಪ್ರಶ್ನೆ ಎಲ್ಲರಿಗೂ, ಕಾಯುವುದೂ ಎಲ್ಲರಿಗೂ, ಹೆಸರು ಕೊನೆಗೆ. ಗೊತ್ತಿದ್ದವರು ಕೈ ಎತ್ತುವ ಬದಲು ಎದೆಯ ಹತ್ತಿರ ಹೆಬ್ಬೆರಳು ತೋರಿಸಿದರೆ ಸಾಕು. ಎತ್ತಿದ ಕೈಗಳನ್ನು ಕಂಡರೆ ನಿಧಾನವಾಗಿ ಯೋಚಿಸುವ ಮಗು ಯೋಚನೆಯನ್ನೇ ಬಿಟ್ಟುಬಿಡುತ್ತದೆ.

ಆದರೆ ನನಗೆ ಜಾಸ್ತಿ ಕಲಿಸಿದ್ದು ಎರಡನೇ ಕಾಯುವಿಕೆ, ಅಂದರೆ ಮಗು ಮಾತು ನಿಲ್ಲಿಸಿದ ಮೇಲೆ ಕಾಯುವುದು. ಬೀಜ ಮೊಳಕೆ ಬರಿಸುವ ಪಾಠ. ಏನೇನು ಬೇಕು ಅಂತ ಕೇಳಿದೆ. ಅಷ್ಟಾಗಿ ಮಾತಾಡದ ಒಬ್ಬ ಹುಡುಗಿ 'ನೀರು' ಅಂದಳು. ಹಿಂದಿನ ನಾನಾಗಿದ್ದರೆ 'ವೆರಿ ಗುಡ್' ಅಂದು ಮುಂದೆ ಹೋಗುತ್ತಿದ್ದೆ. ಈ ಸಲ ಅವಳ ಬೆಂಚಿನ ಪಕ್ಕ ಕೂತು, ತಲೆಯಾಡಿಸಿ, ಸುಮ್ಮನಿದ್ದೆ. ಅವಳು ಉಗುರಿನಿಂದ ಬೆಂಚಿನ ಅಂಚು ಕೆರೆಯುತ್ತಿದ್ದಳು. ಆಮೇಲೆ ಮೆಲ್ಲಗೆ, 'ಆದ್ರೆ ಮಿಸ್, ನನ್ನ ಲೋಟದಲ್ಲಿ ನೀರು ತುಂಬಿಸಿದ್ದೆ, ಬೀಜ ಕೊಳೆತುಹೋಯ್ತು' ಅಂದಳು. ಹಿಂದಿನಿಂದ ಇನ್ನೊಬ್ಬ, 'ಅದಕ್ಕೆ ಉಸಿರು ಕಟ್ಟಿತಾ ಮಿಸ್?' ಅಂತ ಕೇಳಿದ. ಬೀಜಕ್ಕೆ ಗಾಳಿಯೂ ಬೇಕು ಅನ್ನುವುದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ.

ಆಗಲೇ ನನಗೆ ಹೊಳೆದದ್ದು, 'ವೆರಿ ಗುಡ್' ಅನ್ನುವ ಮಾತೇ ಎಷ್ಟೋ ಸಲ ಮಗುವಿನ ಬಾಯಿ ಮುಚ್ಚಿಸುತ್ತದೆ ಅಂತ. ಈಗ ಉತ್ತರ ಸರಿಯಿರಲಿ ತಪ್ಪಿರಲಿ, 'ಹೇಗೆ ಹಾಗಂದುಕೊಂಡೆ, ಹೇಳಮ್ಮ' ಅಂತಲೇ ಕೇಳುತ್ತೇನೆ. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗಿಬಿಡುತ್ತೆ, ಅಲ್ವಾ?

ತೀರಾ ನಾಚಿಕೆಯ ಮಕ್ಕಳಿಗೆ ಮೊದಲು ಪಕ್ಕದವರ ಜೊತೆ ಮಾತಾಡಲು ಬಿಡುತ್ತೇನೆ. ಆಮೇಲೆ 'ನಿನ್ನ ಗೆಳತಿ ಏನಂದಳು?' ಅಂತ ಕೇಳುತ್ತೇನೆ. ಇನ್ನೊಬ್ಬರ ಮಾತು ಹೇಳುವುದು ಅವರಿಗೆ ಸುಲಭ.

ಕೊನೆಯ ಅವಧಿಯಲ್ಲಿ ಸುಸ್ತಾದಾಗ ಹಳೆಯ ಅವಸರ ಈಗಲೂ ಬರುತ್ತದೆ. ಹೋದ ವಾರ ಹಾಗೇ ಬೇರೆಯವರ ಹೆಸರು ಕರೆಯಲು ಹೊರಟಿದ್ದೆ. ಮುಂದಿನ ಬೆಂಚಿನ ಹುಡುಗ, 'ಮಿಸ್, ಇರಿ, ಇನ್ನೂ ಯೋಚನೆ ಮಾಡ್ತಿದೀನಿ' ಅಂದ. ಕಾದೆ.