ವಿಲ್ ಹಿಡಿದು ಹೊರಟೆ, ಜೋಡಿಗಳು ಸಿಕ್ಕರು

ಸಲಿಂಗ ಸಂಬಂಧಗಳ ಇತಿಹಾಸಕ್ಕೆ ಆಕರ ಬೇಕು ಅಂದರೆ ಎಲ್ಲರೂ ಮೊದಲು ಓಡುವುದು ಕೋರ್ಟ್ ದಾಖಲೆಗೆ. ನಾನೂ ಓಡಿದೆ. ಲಂಡನ್ನಿನ ಓಲ್ಡ್ ಬೇಲಿ ಕ್ರಿಮಿನಲ್ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಪುಕ್ಕಟೆ ಸಿಗುತ್ತವೆ, ಬಿಡೋಕಾಗುತ್ತಾ? ಆದರೆ ಅಲ್ಲಿರುವುದು ಸಿಕ್ಕಿಬಿದ್ದ ಗಂಡಸರು. ಹೆಂಗಸರ ಸಂಬಂಧ ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ, 1885ರ ಕ್ರಿಮಿನಲ್ ಕಾನೂನು ತಿದ್ದುಪಡಿಯೂ ಗಂಡಸರಿಗಷ್ಟೇ. ಅದೂ ಸಾಲದು ಅಂತ 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಥ ಕೇಸುಗಳ ಸಾಕ್ಷಿ ಹೇಳಿಕೆಯನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಹೆಸರು, ತೀರ್ಪು, ಮುಗೀತು.

ಆಮೇಲೆ ಒಂದು ಹಳೆ ಪತ್ರಿಕೆಗಳ ಡೇಟಾಬೇಸಿಗೆ ದುಡ್ಡು ಕಟ್ಟಿದೆ. ವರ್ಷದ ಚಂದಾ ಹೆಚ್ಚುಕಮ್ಮಿ ತಿಂಗಳ ಸಂಬಳದ ಕಾಲುಭಾಗ. ಸಿಕ್ಕಿದ್ದು ಅದೇ ಕೋರ್ಟ್ ಸುದ್ದಿಗಳ ಚೂರುಪಾರು. 18ನೇ ಶತಮಾನದ ಅಚ್ಚಿನಲ್ಲಿ ಉದ್ದನೆಯ ಎಸ್ ಅಕ್ಷರವನ್ನು ಕಂಪ್ಯೂಟರ್ ಎಫ್ ಅಂತ ಓದುತ್ತೆ, ಹಾಗಾಗಿ 'ಸಾಡಮಿ' (ಗುದಸಂಭೋಗಕ್ಕೆ ಅಂದಿನ ಕಾನೂನಿನ ಪದ) ಬದಲು 'ಫಾಡಮಿ' ಅಂತ ಹುಡುಕಿದರೆ ಇನ್ನೊಂದಿಷ್ಟು ಬರುತ್ತೆ. ಮಜಾ ಇತ್ತು, ಕೆಲಸಕ್ಕೆ ಬರಲಿಲ್ಲ.

ಆಗ ನಾನು ವಿಲ್‌ಗಳ ಕಡೆ ತಿರುಗಿದೆ. "ಆಸ್ತಿ ಪತ್ರದಲ್ಲಿ ಪ್ರೀತಿ ಹುಡುಕ್ತೀಯಾ?" ಅಂತ ನಕ್ಕವರೇ ಎಲ್ಲ. ಈಗ ಅವರೇ ನನ್ನ ಪಟ್ಟಿ ಕೇಳುತ್ತಿದ್ದಾರೆ, ಇರಲಿ.

ಇಂಗ್ಲೆಂಡಿನಲ್ಲಿ 1858ರಿಂದ ವರ್ಷವರ್ಷದ ವಿಲ್ ಸೂಚಿ ಇದೆ. ಒಂದು ನಮೂದು ನೋಡಿ: ಸತ್ತವರ ಹೆಸರು, ವಿಳಾಸ, ಸತ್ತ ದಿನ, ವಿಲ್ ಜಾರಿ ಮಾಡಲು ಯಾರಿಗೆ ಅಧಿಕಾರ ಕೊಟ್ಟರು, ಆಸ್ತಿ ಎಷ್ಟು. ಮದುವೆಯಾಗದ ಹೆಂಗಸು, ಅಧಿಕಾರ ಸಿಕ್ಕಿದ್ದು ಬೇರೆ ಮನೆತನದ ಇನ್ನೊಬ್ಬ ಮದುವೆಯಾಗದ ಹೆಂಗಸಿಗೆ, ಅಂತಿದ್ದರೆ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಜನಗಣತಿಯಲ್ಲಿ ಆ ಮನೆ. 1851ರಿಂದ ಮನೆಯೊಡೆಯರಿಗೆ ಏನಾಗಬೇಕು ಅನ್ನುವ ಕಾಲಂ ಇದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಳಿದ 'ಅತಿಥಿ' ಎಂಥ ಅತಿಥಿ? ಸೂಚಿ ನೋಡಲು ದುಡ್ಡಿಲ್ಲ, ವಿಲ್ ಪ್ರತಿಗೆ ಮಾತ್ರ ಶುಲ್ಕ. ನೂರಕ್ಕೆ ನಾಲ್ಕೈದು ನಮೂದು ಗಟ್ಟಿ ಇರುತ್ತವೆ ಅಂತ ನನ್ನ ಅಂದಾಜು. ಸುಮ್ನೆ ಜೊತೆಗಿದ್ದ ಗೆಳತಿಯರೂ ಇದರಲ್ಲಿ ಬರುತ್ತಾರೆ, ಅದಕ್ಕೇ ವಿಲ್, ವಿಳಾಸ, ಸಮಾಧಿ ಮೂರೂ ಹೊಂದದೆ ನಾನು ಏನೂ ಬರೆಯುವುದಿಲ್ಲ. ಸೂಚಿಯನ್ನು ಯಾವ ಕ್ರಮದಲ್ಲಿ ಸೋಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

1858ಕ್ಕೆ ಮುಂಚಿನ ವಿಲ್‌ಗಳು ಚರ್ಚ್ ಕೋರ್ಟುಗಳಲ್ಲಿ ಚದುರಿವೆ, ಕೈಬರಹ ಬೇರೆ. ಕೈಬರಹ ಓದುವ ತಂತ್ರಾಂಶ ಒಬ್ಬ ಗುಮಾಸ್ತನ ಅಕ್ಷರಕ್ಕೆ ಪಳಗಿತು, ಮುಂದಿನವನ ಹತ್ತಿರ ಕೈಕೊಟ್ಟಿತು. ಆದರೂ ಈ ದಾರಿ ಸುಳ್ಳಲ್ಲ. ಹೆಂಗಸರನ್ನು ಪ್ರೀತಿಸಿದ ಇಂಗ್ಲೆಂಡಿನ ಜಮೀನ್ದಾರಿಣಿ ಆ್ಯನ್ ಲಿಸ್ಟರ್ ಅಂದರೆ ಎಲ್ಲರಿಗೂ ಗುಪ್ತಲಿಪಿಯ ಡೈರಿ ನೆನಪಾಗುತ್ತೆ, ಆಕೆಯ ವಿಲ್ ಯಾರು ನೋಡ್ತಾರೆ? 1840ರಲ್ಲಿ ಆಕೆ ಸತ್ತಾಗ ಶಿಬ್ಡನ್ ಹಾಲ್ ಮನೆಯಲ್ಲಿ ಬದುಕಿರುವವರೆಗೂ ಇರುವ ಹಕ್ಕು ಹೋಗಿದ್ದು ಸಂಗಾತಿ ಆ್ಯನ್ ವಾಕರ್‌ಗೆ.

ವಾರಸುದಾರರ ಬೆನ್ನು ಹತ್ತುವುದರಲ್ಲಿ ಇನ್ನೊಂದು ಲಾಭ ಇದೆ, ಕಾಗದಪತ್ರ ಇರುವುದೇ ಅವರ ಹತ್ತಿರ. ಬರ್ಲಿನ್ನಿನಲ್ಲಿ ಲೈಂಗಿಕತೆಯ ಅಧ್ಯಯನ ಮಾಡುತ್ತಿದ್ದ ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ ಸಂಸ್ಥೆಯ ಪುಸ್ತಕಗಳನ್ನು ನಾಜಿಗಳು 1933ರ ಮೇ ತಿಂಗಳಲ್ಲಿ ಸುಟ್ಟರು, ಅಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳುತ್ತೇವೆ ಅಲ್ವಾ. ಹಿರ್ಶ್‌ಫೆಲ್ಡ್‌ರ ವಾರಸುದಾರರಲ್ಲಿ ಒಬ್ಬ ಲೀ ಶಿಯು ಟಾಂಗ್ 1993ರಲ್ಲಿ ವ್ಯಾಂಕೂವರಿನಲ್ಲಿ ತೀರಿಕೊಂಡ ಮೇಲೆ, ಕಸಕ್ಕೆ ಹಾಕಿದ್ದ ಸೂಟ್‌ಕೇಸಿನಲ್ಲಿ ಹಿರ್ಶ್‌ಫೆಲ್ಡ್‌ರ ವಸ್ತುಗಳು ಸಿಕ್ಕವು!

ಒಂದು ಆರ್ಕೈವ್ ಪುಟದ ಲೆಕ್ಕದಲ್ಲಿ ಸ್ಕ್ಯಾನ್ ಶುಲ್ಕ ಹಾಕಿ ಖಾಲಿ ಬೆನ್ನುಪುಟಗಳನ್ನೂ ಎಣಿಸಿತ್ತು. ಈಗ ಆರ್ಡರ್ ಮಾಡುವಾಗಲೇ 'ಬರಹ ಇರುವ ಪುಟ ಮಾತ್ರ' ಅಂತ ಬರೆಯುತ್ತೇನೆ, ಖರ್ಚು ಮುಕ್ಕಾಲಿಗಿಳಿದಿದೆ.

ಸದ್ಯ ವಿಲ್‌ನ ಸಾಕ್ಷಿಗಳ ಹೆಸರು ಹಿಡಿದು ನೋಡುತ್ತಿದ್ದೇನೆ. ಮನೆಗೆಲಸದವರ ಹೆಸರೇ ಜಾಸ್ತಿ ಬರುತ್ತಿದೆ. ವೇಲ್ಸ್‌ನ ಲ್ಯಾಂಗೊಲೆನ್‌ನಲ್ಲಿ ಒಟ್ಟಿಗೆ ಬಾಳಿದ ಎಲಿನರ್ ಬಟ್ಲರ್ ಮತ್ತು ಸಾರಾ ಪಾನ್ಸನ್‌ಬಿಯವರ ಕೆಲಸದಾಕೆ ಮೇರಿ ಕ್ಯಾರಿಲ್ 1809ರಲ್ಲಿ ತೀರಿಕೊಂಡಳು, ಮೂವರದ್ದೂ ಸಮಾಧಿ ಒಂದೇ ಕಡೆ. ಇಂಥ ಇನ್ನೊಂದು ಮನೆ ಸಿಗುತ್ತಾ ಅಂತ ಹುಡುಕುತ್ತಿದ್ದೇನೆ.