ಪರಾಗದ ಅಲರ್ಜಿಯನ್ನು ನಾನು ಹತೋಟಿಗೆ ತಂದ ಬಗೆ

ಮುಂಗಾರಿನ ಮಳೆ ಇಳಿಮುಖವಾಗಿ ಹುಲ್ಲು ತೆನೆಯೊಡೆಯುವ ಭಾದ್ರಪದದ ಹೊತ್ತಿಗೆ ಆರಂಭವಾಗಿ, ದೀಪಾವಳಿ ಕಳೆದು ಚಳಿ ಬಲಿಯುವವರೆಗೂ ಬಿಡದೆ ಕಾಡುವ ಸೀನು ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಮನೆಯವರೆಲ್ಲ ಅದನ್ನು ನೆಗಡಿ ಎಂದೇ ಕರೆಯುತ್ತಿದ್ದರು. ಆದರೆ ನೆಗಡಿ ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ, ಅದರ ಜೊತೆಗೆ ಮೈಕೈ ನೋವೋ ಗಂಟಲು ನೋವೋ ಬರುತ್ತದೆ. ನನಗಾದರೋ ಜ್ವರವಿಲ್ಲ, ಕಫ ಗಟ್ಟಿಯಾಗುವುದಿಲ್ಲ. ಮೂಗಿನಿಂದ ತಿಳಿನೀರು, ಒಂದರ ಹಿಂದೊಂದು ಸೀನು, ಕಣ್ಣಲ್ಲಿಯೂ ಅಂಗುಳಿನಲ್ಲಿಯೂ ತಡೆಯಲಾರದ ತುರಿಕೆ, ಇವಿಷ್ಟೇ ತಿಂಗಳುಗಟ್ಟಲೆ. ತುರಿಕೆಯೇ ಇಲ್ಲಿ ಮುಖ್ಯ ಸುಳಿವು ಎಂದು ಇ.ಎನ್.ಟಿ. ವೈದ್ಯರು ಹೇಳಿದ ಮೇಲೆ ನಾನು ಇದನ್ನು ಅಲರ್ಜಿ ಎಂದು ಒಪ್ಪಿಕೊಂಡು ವ್ಯವಸ್ಥಿತವಾಗಿ ಎದುರಿಸಲು ತೊಡಗಿದೆ.

ಒಳಗೆ ನಡೆಯುವುದೇನೆಂದು ತಿಳಿದುಕೊಂಡದ್ದು ಚಿಕಿತ್ಸೆಯ ಅರ್ಧದಷ್ಟು ಉಪಯೋಗಕ್ಕೆ ಬಂದಿದೆ. ಪರಾಗವು ರೋಗಾಣುವಲ್ಲ, ಅದರಲ್ಲಿರುವ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಳ್ಳುತ್ತದೆ. ಈ ಪ್ರತಿಕಾಯಗಳು ಮೂಗಿನ ಒಳಪೊರೆಯಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡಿದ್ದು, ಅದೇ ಪರಾಗ ಮತ್ತೆ ಬಂದಾಗ ಕೆಲವೇ ನಿಮಿಷಗಳಲ್ಲಿ ಆ ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬೀಳುವಂತೆ ಮಾಡುತ್ತವೆ. ಸೀನು, ತುರಿಕೆ, ನೀರು ಸುರಿಯುವಿಕೆ ಎಲ್ಲವೂ ಅದರ ಫಲ. ಇದಾದ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಎರಡನೆಯ ಅಲೆ ಬರುತ್ತದೆ: ಬೇರೆ ರಕ್ತಕಣಗಳು ಬಂದು ಸೇರಿ ಪೊರೆ ಊದಿಕೊಂಡು ಮೂಗು ಕಟ್ಟುತ್ತದೆ. ಬೆಳಿಗ್ಗೆ ಮೈದಾನದಲ್ಲಿ ನಡೆದು ಬಂದವನಿಗೆ ಸಂಜೆ ಏಕೆ ಉಸಿರಾಡಲು ಕಷ್ಟವಾಗುತ್ತದೆ, ಸೀನನ್ನು ನಿಲ್ಲಿಸುವ ಮಾತ್ರೆ ಕಟ್ಟಿದ ಮೂಗನ್ನು ಏಕೆ ಬಿಡಿಸುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ಎರಡು ಅಲೆಗಳಲ್ಲಿದೆ.

ನಾನು ಸಸ್ಯಶಾಸ್ತ್ರದ ಅಧ್ಯಾಪಕನಾದ್ದರಿಂದ ಯಾವ ಪರಾಗ ಎಂಬುದನ್ನು ಕಣ್ಣಾರೆ ನೋಡುವ ಆಸೆ ಸಹಜವಾಗಿತ್ತು. ಈ ಹಾದಿ ಹಳೆಯದು. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ತನ್ನನ್ನೇ ಕಾಡುತ್ತಿದ್ದ ಈ ತೊಂದರೆಯನ್ನು ವಿವರಿಸಿದ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ 1873ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪರಾಗವನ್ನು ತನ್ನ ಮೂಗಿಗೂ ಚರ್ಮಕ್ಕೂ ತಾಗಿಸಿ ನೋಡಿ, ಅಂಟು ಸವರಿದ ಗಾಜಿನ ಮೇಲೆ ಗಾಳಿಯ ಪರಾಗವನ್ನು ಹಿಡಿದು ಎಣಿಸಿ, ಗಾಳಿಪಟಕ್ಕೆ ಕಟ್ಟಿ ಮೇಲಕ್ಕೂ ಕಳುಹಿಸಿ ಕಾರಣವನ್ನು ಸ್ಥಾಪಿಸಿದ. ನಾನು ಗಾಳಿಪಟದವರೆಗೆ ಹೋಗಲಿಲ್ಲ. ತುಮಕೂರಿನ ಹೊರವಲಯದ ನಮ್ಮ ಮನೆಯ ತಾರಸಿಯಲ್ಲಿ, ಮಳೆ ಬೀಳದಂತೆ ತಗಡಿನ ಮರೆಮಾಡಿ, ತೆಳುವಾಗಿ ವ್ಯಾಸಲಿನ್ ಸವರಿದ ಗಾಜಿನ ಸ್ಲೈಡನ್ನು ಒಂದು ಹಗಲು ಒಂದು ರಾತ್ರಿ ಇಟ್ಟು, ಮರುದಿನ ಬೇಸಿಕ್ ಫುಕ್ಸಿನ್ ಬೆರೆಸಿದ ಗ್ಲಿಸರಿನ್ ಜೆಲ್ಲಿಯ ಹನಿ ಹಾಕಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನಾನೂರು ಪಟ್ಟು ಹಿಗ್ಗಿಸಿ ನೋಡುತ್ತ ಬಂದೆ. ಬಣ್ಣ ಹೀರಿಕೊಂಡ ಪರಾಗ ಗುಲಾಬಿಯಾಗಿ ಎದ್ದು ಕಾಣುತ್ತದೆ. ಧೂಳು ಹಾಗೆಯೇ ಉಳಿಯುತ್ತದೆ.

ಹುಲ್ಲಿನ ಪರಾಗ ನುಣುಪಾದ ಗುಂಡು, ಅದರಲ್ಲಿ ಅಂಚುಳ್ಳ ಒಂದೇ ಒಂದು ರಂಧ್ರ. ಗರಿಕೆಯದೋ ಬೇರೆ ಹುಲ್ಲಿನದೋ ಎಂದು ಇಷ್ಟರಿಂದ ಹೇಳಲಾಗದು, ಆದರೆ ಹುಲ್ಲಿನದೆಂದು ಧೈರ್ಯವಾಗಿ ಹೇಳಬಹುದು. ಹರಿವೆಯ ಜಾತಿಯ ಪರಾಗದ ಮೈತುಂಬ ರಂಧ್ರಗಳು. ಅದಕ್ಕಿಂತ ಚಿಕ್ಕದಾಗಿ, ಮೈಯೆಲ್ಲ ಮುಳ್ಳಾಗಿ, ಹಲವು ಬಾರಿ ಗುಂಪುಗಟ್ಟಿಕೊಂಡು ಕಾಣಿಸುತ್ತಿದ್ದದ್ದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ. ಬಡಾವಣೆಯ ಖಾಲಿ ಸೈಟುಗಳಲ್ಲೆಲ್ಲ ಸೊಂಟದೆತ್ತರ ಬೆಳೆದಿರುವಾಗ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯವಾದದ್ದು ಇಲ್ಲದಿದ್ದವನ್ನು ಕಂಡು: ನೆರೆಹೊರೆಯವರು ದೂರುತ್ತಿದ್ದ ಗುಲ್‌ಮೊಹರ್, ತಬೂಬಿಯಾ, ಹೊಂಗೆಗಳ ಪರಾಗ ಸ್ಲೈಡಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಬಣ್ಣ ತೋರಿಸಿ ಕೀಟಗಳನ್ನೋ ಹಕ್ಕಿಗಳನ್ನೋ ಕರೆಯುವ ಹೂವಿನ ಪರಾಗ ಭಾರವಾಗಿ ಅಂಟಂಟಾಗಿರುತ್ತದೆ, ಗಾಳಿಗೆ ಸುಲಭವಾಗಿ ಏಳುವುದಿಲ್ಲ. ಯಾರ ಕಣ್ಣಿಗೂ ಬೀಳದ ಹುಲ್ಲಿನ ತೆನೆಯೇ ನಿಜವಾದ ಆರೋಪಿ. ಅಲರ್ಜಿಯ ನೆಪದಲ್ಲಿ ಬೀದಿಯ ಮರ ಕಡಿಸಲು ಅರ್ಜಿ ಬರೆಯುವವರಿಗೆ ನಾನು ಈ ಸ್ಲೈಡುಗಳನ್ನು ತೋರಿಸುವುದುಂಟು.

ಗಾಳಿಯಲ್ಲಿ ಪರಾಗವಿದೆ ಎಂದ ಮಾತ್ರಕ್ಕೆ ನನ್ನ ದೇಹ ಅದಕ್ಕೇ ಕೆರಳುತ್ತಿದೆ ಎಂದಾಗುವುದಿಲ್ಲ. ಅದಕ್ಕಾಗಿ ಚರ್ಮದ ಚುಚ್ಚು ಪರೀಕ್ಷೆ ಮಾಡಿಸಿದೆ. ಮುಂಗೈಯ ಮೇಲೆ ಬೇರೆ ಬೇರೆ ಸಾರಗಳ ಹನಿಯಿಟ್ಟು ಮೊನೆಯಿಂದ ಸ್ವಲ್ಪ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷಗಳ ಬಳಿಕ ಎದ್ದ ದದ್ದನ್ನು ಅಳೆಯುತ್ತಾರೆ. ಬರಿಯ ಲವಣದ್ರಾವಣ ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾಗಿದ್ದರೆ ಅಲರ್ಜಿಯ ಪ್ರತಿಕಾಯ ಇದೆ ಎಂದರ್ಥ. ಇದಕ್ಕೆ ಮೊದಲು ಸುಮಾರು ಒಂದು ವಾರ ಅಲರ್ಜಿಯ ಮಾತ್ರೆಗಳನ್ನು ನಿಲ್ಲಿಸಬೇಕು, ಇಲ್ಲವಾದರೆ ದದ್ದೇ ಏಳುವುದಿಲ್ಲ. ನನಗೆ ಹುಲ್ಲು ಮತ್ತು ಪಾರ್ಥೇನಿಯಂ ದೊಡ್ಡದಾಗಿಯೂ, ಹಾಸಿಗೆಯ ಧೂಳಿನಲ್ಲಿರುವ ನುಸಿ ಸಣ್ಣದಾಗಿಯೂ ಬಂದವು. ತಿಂಗಳ ಲೆಕ್ಕ, ಸ್ಲೈಡು, ಚರ್ಮ ಮೂರೂ ಒಂದೇ ಮಾತು ಹೇಳಿದ್ದರಿಂದ ಮುಂದಿನ ದಾರಿ ಸುಲಭವಾಯಿತು.

ಪರಾಗದಿಂದ ಪೂರ್ತಿ ತಪ್ಪಿಸಿಕೊಳ್ಳುವುದು ಆಗದ ಮಾತು. ಆದರೂ ಆ ತಿಂಗಳುಗಳಲ್ಲಿ ನಡಿಗೆಯನ್ನು ಬೆಳಗಿನಿಂದ ಸಂಜೆಗೆ ಬದಲಾಯಿಸಿದೆ, ಏಕೆಂದರೆ ಅನೇಕ ಹುಲ್ಲುಗಳು ಬೆಳಿಗ್ಗೆಯೇ ಪರಾಗ ಚೆಲ್ಲುತ್ತವೆ. ಬಟ್ಟೆಯನ್ನು ತಾರಸಿಯಲ್ಲಿ ಒಣಗಿಸುವುದನ್ನು ನಿಲ್ಲಿಸಿ ಒಳಗೆ ಹರವಿದೆವು, ಸ್ಕೂಟರಿನಲ್ಲಿ ಹೋಗುವಾಗ ಮಾಸ್ಕನ್ನೂ ಕನ್ನಡಕವನ್ನೂ ಹಾಕಿದೆ, ಮನೆಗೆ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವ ರೂಢಿ ಮಾಡಿಕೊಂಡೆ. ನುಸಿಗಾಗಿ ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇವೆ. ಅಮ್ಮನಿಗೆ ಸಾಂಬ್ರಾಣಿ ಹೊಗೆ ನೆಗಡಿಗೆ ಒಳ್ಳೆಯದೆಂಬ ನಂಬಿಕೆ. ಕೆರಳಿದ ಮೂಗಿಗೆ ಯಾವ ಹೊಗೆಯೂ ಇನ್ನಷ್ಟು ಕೆಡಕೇ ಎಂದು ಅವರಿಗೆ ಒಪ್ಪಿಸಲು ಬಹಳ ಕಾಲ ಹಿಡಿಯಿತು. ಈಗ ದೇವರ ಮನೆಯ ಊದುಬತ್ತಿಯೂ ಹಿತ್ತಲಿನ ತುಳಸಿ ಕಟ್ಟೆಗೆ ಹೋಗಿದೆ.

ಜಲನೇತಿಯನ್ನು, ಅಂದರೆ ಒಂದು ಹೊಳ್ಳೆಗೆ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹರಿಸುವ ಕ್ರಿಯೆಯನ್ನು, ನಾನು ಯೋಗದ ಶಿಬಿರದಲ್ಲಿ ಕಲಿತವನು, ಆದರೆ ಮಾಡುವುದು ಮೂಗಿನ ಪರಾಗ ತೊಳೆಯಲು. ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರಿಗೆ ಕಾಲು ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿಯ ನೀರನ್ನಾಗಲಿ ಬೋರ್‌ವೆಲ್ ನೀರನ್ನಾಗಲಿ ನೇರವಾಗಿ ಮೂಗಿಗೆ ಬಿಡುವುದರಿಂದ ಮಿದುಳಿಗೆ ಸೋಂಕು ತರುವ ಅಮೀಬಾ ಒಳಹೋಗುವ ಅಪಾಯ ಅಪರೂಪವಾದರೂ ಮಾರಕ. ತೊಳೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹಾಕಿದರೆ ಔಷಧ ಪೊರೆಗೆ ನೇರವಾಗಿ ತಾಗುತ್ತದೆ.

ನನ್ನ ಪಾಲಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಎಂಬ ಹೆಸರಿಗೆ ಜನ ಹೆದರುತ್ತಾರೆ. ಆದರೆ ಫ್ಲುಟಿಕಾಸೋನ್, ಮೊಮೆಟಾಸೋನ್‌ಗಳಲ್ಲಿ ರಕ್ತಕ್ಕೆ ಸೇರುವ ಪ್ರಮಾಣ ತೀರಾ ಅಲ್ಪ. ಇದು ಎರಡನೆಯ ಅಲೆಯನ್ನು, ಅಂದರೆ ಊತವನ್ನು ತಡೆಯುವ ಔಷಧ. ಸೀನು ಬಂದಾಗ ಮಾತ್ರ ಹಾಕಿಕೊಂಡರೆ ಇದರ ಪೂರ್ಣ ಶಕ್ತಿ ಸಿಗುವುದಿಲ್ಲ, ಅದಕ್ಕೆ ದಿನವೂ ಹಾಕುತ್ತ ಒಂದೆರಡು ವಾರ ಬೇಕಾಗುತ್ತದೆ. ಹೀಗಾಗಿ ನಾನು ವೈದ್ಯರ ಸಲಹೆಯಂತೆ ಗಣೇಶ ಚೌತಿಗೆ ಎರಡು ವಾರ ಮುಂಚೆಯೇ, ಮೂಗು ಇನ್ನೂ ತಣ್ಣಗಿರುವಾಗಲೇ ಆರಂಭಿಸಿ ಋತು ಮುಗಿಯುವವರೆಗೆ ಬಿಡದೆ ಮುಂದುವರಿಸುತ್ತೇನೆ. ಹಾಕುವ ಕ್ರಮವೂ ಮುಖ್ಯ. ಬಾಟಲಿ ಅಲುಗಾಡಿಸಿ, ತಲೆಯನ್ನು ಹಿಂದಕ್ಕೆ ಚಾಚದೆ ತುಸು ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಿಡಿದು, ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಅದೇ ಕಡೆಯ ಕಣ್ಣಿನ ಹೊರಅಂಚಿನತ್ತ ತಿರುಗಿಸಬೇಕು. ನಡುಗೋಡೆಗೆ ಸಿಂಪಡಿಸುತ್ತಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಇಳಿದು ಕಹಿಯಾಗುವುದಷ್ಟೇ ಲಾಭ.

ಮಾತ್ರೆಗಳು ಮೊದಲ ಅಲೆಗೆ. ಸೆಟಿರಿಜಿನ್ ನನಗೆ ತರಗತಿಯಲ್ಲಿ ತೂಕಡಿಕೆ ತರುತ್ತಿದ್ದುದರಿಂದ ವೈದ್ಯರು ಫೆಕ್ಸೊಫೆನಡಿನ್‌ಗೆ ಬದಲಾಯಿಸಿದರು. ಅದನ್ನು ಹಣ್ಣಿನ ರಸದೊಂದಿಗೆ ನುಂಗಿದರೆ ದೇಹ ಕಡಿಮೆ ಹೀರಿಕೊಳ್ಳುವುದರಿಂದ ನೀರಿನ ಜೊತೆಗೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ಸೀನಿಗೆಲ್ಲ ಕೊಡುವ ರೂಢಿಯಿದೆ. ಮನಸ್ಸಿನ ಮೇಲೆ, ನಿದ್ರೆಯ ಮೇಲೆ ಅದು ಮಾಡಬಹುದಾದ ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಹಾಕಿಸಿದೆ. ಬೇರೆ ಔಷಧ ಸಾಲದ ಅಲರ್ಜಿಗೆ ಮಾತ್ರ ಅದು ಎಂಬುದು ಅದರ ಸೂಚನೆ. ಮೂಗು ಕಟ್ಟಿದಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಆಕ್ಸಿಮೆಟಾಜೊಲಿನ್, ಜೈಲೊಮೆಟಾಜೊಲಿನ್ ಹನಿಗಳನ್ನಂತೂ ಮೂರು, ಹೆಚ್ಚೆಂದರೆ ಐದು ದಿನ ಮೀರಿ ಬಳಸಬಾರದು. ಅವು ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ, ಆಮೇಲೆ ತಾವಿಲ್ಲದೆ ಮೂಗು ಬಿಡದಂತೆ ಮಾಡುತ್ತವೆ.

ಪಾರ್ಥೇನಿಯಂ ಕೀಳುವ ಕೆಲಸವನ್ನು ಬಡಾವಣೆಯ ಯುವಕರು ಜುಲೈಯಲ್ಲಿ, ಹೂ ಬಿಡುವುದಕ್ಕೆ ಮೊದಲೇ, ಕೈಗವಸು ತೊಟ್ಟು ಮಾಡುತ್ತಾರೆ. ನಾನು ದೂರ ನಿಂತು ತಗಚೆಯ ಬೀಜ ಹಂಚುತ್ತೇನೆ, ಏಕೆಂದರೆ ತಗಚೆ ದಟ್ಟವಾಗಿ ಬೆಳೆದಲ್ಲಿ ಪಾರ್ಥೇನಿಯಂಗೆ ಜಾಗ ಸಿಗುವುದಿಲ್ಲ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ಪಟ್ಟೆ ದುಂಬಿ ಮಳೆಗಾಲದಲ್ಲಿ ಎಲೆಗಳನ್ನು ತಿಂದು ಬೋಳಾಗಿಸುವುದನ್ನು ಇಲ್ಲಿಯೂ ಕಾಣುತ್ತೇವೆ, ಆದರೆ ಅದು ಮಣ್ಣಿನೊಳಗೆ ಸೇರಿಕೊಂಡ ಮೇಲೆ ಗಿಡ ಮತ್ತೆ ಚಿಗುರುತ್ತದೆ.

ಅಲರ್ಜಿಯ ಮೂಗು ಇರುವವರಲ್ಲಿ ಆಸ್ತಮಾ ಹೆಚ್ಚು. ಎದೆಯಲ್ಲಿ ಸಿಳ್ಳೆಯಂಥ ಸದ್ದು, ರಾತ್ರಿಯ ಕೆಮ್ಮು ಕಂಡರೆ ತಡಮಾಡದೆ ಬರಬೇಕೆಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ ಮಾಡಿಸುತ್ತೇನೆ. ಅದೇ ಪರಾಗದ ಸಾರವನ್ನು ಅಲ್ಪಪ್ರಮಾಣದಿಂದ ಏರಿಸುತ್ತ ಕೊಡುವ ಇಮ್ಯುನೋಥೆರಪಿಯ ಮಾತೂ ಬಂದಿತ್ತು. ಅದು ಮೂರರಿಂದ ಐದು ವರ್ಷದ ಚಿಕಿತ್ಸೆ, ಪ್ರತಿ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕುಳಿತಿರಬೇಕು. ಸ್ಪ್ರೇಯಿಂದಲೇ ಪಾಠ ನಿಲ್ಲಿಸದೆ ಋತು ಕಳೆಯುತ್ತಿರುವವರೆಗೆ ಅದಕ್ಕೆ ಕೈಹಾಕುವುದು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ.